ಯುಲಿಸ್ ನಾರ್ಡಿನ್ ಫ್ರೀಕ್: ಕ್ರೌನ್ ವಾಪಸ್ ಬಂದ ಮೇಲೆ ಅದು ಫ್ರೀಕ್ ಹೌದೋ ಅಲ್ಲವೋ?

ರಥಬೀದಿ_ಉಡುಪಿ

ಮುಳ್ಳಿಲ್ಲ, ಡಯಲ್ ಇಲ್ಲ, ಕ್ರೌನ್ (ಕೀ ಕೊಡಲಿಕ್ಕೆ, ಟೈಮ್ ಸರಿ ಮಾಡಲಿಕ್ಕೆ ಪಕ್ಕದಲ್ಲಿರುವ ಗುಂಡಿ) ಇಲ್ಲ. 2001ರ ಬಾಸೆಲ್ ವಾಚು ಮೇಳದಲ್ಲಿ ಸ್ವಿಸ್ ಕಂಪನಿ ಯುಲಿಸ್ ನಾರ್ಡಿನ್‌ನ ಫ್ರೀಕ್ ಅನ್ನುವ ಕೈಗಡಿಯಾರ ಹೊರಬಂದಾಗ ಎಲ್ಲರ ಕಣ್ಣಿಗೆ ಬಿದ್ದದ್ದು ಈ ಮೂರು ಇಲ್ಲಗಳು. ಗಂಟೆಗೊಮ್ಮೆ ಯಂತ್ರವೇ ಒಂದು ಸುತ್ತು ಬಂದು ನಿಮಿಷ ತೋರಿಸುತ್ತದೆ. ಅದರ ಅಡಿಯ ತಟ್ಟೆ 12 ಗಂಟೆಗೊಮ್ಮೆ ತಿರುಗಿ ಗಂಟೆ ತೋರಿಸುತ್ತದೆ. ಟೈಮ್ ಸರಿ ಮಾಡಲಿಕ್ಕೆ ಗಾಜಿನ ಸುತ್ತಲಿನ ಬೆಜೆಲ್ ತಿರುಗಿಸಬೇಕು, ಕೀ ಕೊಡಲಿಕ್ಕೆ ಹಿಂಬದಿಯ ಮುಚ್ಚಳ ತಿರುಗಿಸಬೇಕು.

18 ವರ್ಷ ಕಳೆದು 2019ರಲ್ಲಿ ಫ್ರೀಕ್ ಎಕ್ಸ್ ಬಂತು. ಅದರ 3 ಗಂಟೆಯ ಬದಿಯಲ್ಲಿ ಎಲ್ಲ ವಾಚಿಗೂ ಇರುವಂಥದ್ದೇ ಕ್ರೌನ್. "ಇದು ಫ್ರೀಕೇ ಅಲ್ಲ" ಅನ್ನುವವರೂ ಇಲ್ಲಿ ಇದ್ದೀರಿ, "ಯಂತ್ರ ತಿರುಗ್ತದಲ್ಲ, ಸಾಕು" ಅನ್ನುವವರೂ ಇದ್ದೀರಿ. ಚಂದ ಉಂಟು, ಚಂದ ಇಲ್ಲ ಅನ್ನುವುದನ್ನು ಬದಿಗಿಟ್ಟು, ಒಳಗೆ ಎಂತ ಬದಲಾಯಿತು, ಯಾಕೆ ಬದಲಾಯಿತು ಅಂತ ಬರೆಯಿರಿ.


ಹಂಪನಕಟ್ಟೆ_ಬೆಂಚ್

ಮೊದಲಿಗೆ ಕ್ರೌನ್ ತೆಗೆದದ್ದು ಯಾಕೆ ಅಂತ ನೋಡುವ. ಅದು ಚಂದಕ್ಕೆ ತೆಗೆದದ್ದಲ್ಲ.

ಸಾಮಾನ್ಯ ವಾಚಿನಲ್ಲಿ ಕ್ರೌನಿನ ಕಡ್ಡಿ ಕೇಸಿನ ಪಕ್ಕದಿಂದ ಒಳಗೆ ಹೋಗುತ್ತದೆ. ಒತ್ತಿದ ಸ್ಥಿತಿಯಲ್ಲಿ ಅದು ವಾಚು ಓಡಿಸುವ ಮೇನ್‌ಸ್ಪ್ರಿಂಗಿಗೆ ಕೀ ಕೊಡುತ್ತದೆ, ಎಳೆದರೆ ಮುಳ್ಳುಗಳ ಹಲ್ಲುಚಕ್ರಕ್ಕೆ ಕೂಡಿಕೊಳ್ಳುತ್ತದೆ. ಎರಡು ಕೆಲಸವೂ ನಡೆಯಬೇಕಾದರೆ ಯಂತ್ರ ಇದ್ದಲ್ಲೇ ಇರಬೇಕು. ಫ್ರೀಕ್‌ನಲ್ಲಿ ಯಂತ್ರವೇ ಸುತ್ತು ಬರುವುದರಿಂದ ಪಕ್ಕದಿಂದ ಬರುವ ಕಡ್ಡಿಗೆ ಹಿಡಿದುಕೊಳ್ಳಲಿಕ್ಕೆ ಸ್ಥಿರವಾದ ಜಾಗ ಸಿಕ್ಕುವುದಿಲ್ಲ.

ಎಣ್ಣೆ ಗಾಣ ನೋಡಿದವರಿಗೆ ಇದು ಬೇಗ ಹೊಳೆದೀತು. ಗಾಣದ ಕಲ್ಲು ನೆಲಕ್ಕೆ ಊರಿರುತ್ತದೆ, ಎತ್ತು ಮತ್ತು ಮರದ ತೊಲೆ ಅದರ ಸುತ್ತ ಹೋಗುತ್ತವೆ. ಮೊದಲ ಫ್ರೀಕ್‌ನಲ್ಲಿ ಅಂಚಿನ ಉದ್ದಕ್ಕೂ ಒಳಮುಖ ಹಲ್ಲುಗಳ ಬಳೆ ಉಂಟು. ಹಲ್ಲುಚಕ್ರಗಳು, ಅತ್ತಿತ್ತ ಹೊಯ್ದಾಡಿ ಗತಿ ಕಾಯುವ ಬ್ಯಾಲೆನ್ಸ್ ಚಕ್ರ, ಅದಕ್ಕೆ ತಳ್ಳು ಕೊಡುವ ಎಸ್ಕೇಪ್‌ಮೆಂಟ್ ಎಲ್ಲ ಒಂದು ಉದ್ದ ಸೇತುವೆಯ ಮೇಲೆ ಸಾಲಾಗಿ ಕೂತಿವೆ. ಆ ಸಾಲಿನ ಪಿನಿಯನ್ (ಸಣ್ಣ ಹಲ್ಲುಚಕ್ರ) ಬಳೆಯ ಹಲ್ಲುಗಳ ಮೇಲೆ ಉರುಳುತ್ತ ಹೋದ ಹಾಗೆ ಸೇತುವೆಯೂ ನಡೆಯುತ್ತದೆ. ಸೇತುವೆಯ ತುದಿಯೇ ನಿಮಿಷದ ಮುಳ್ಳು. ಬೇರೆ ಮುಳ್ಳು ಹಾಕಿದರೆ ಒಂದೇ ಕೆಲಸವನ್ನು ಎರಡು ಸಲ ಮಾಡಿದ ಹಾಗೆ. ಡಯಲ್ ಹಾಕಿದರೆ ನೋಡಬೇಕಾದ ಮುಳ್ಳೇ ಮುಚ್ಚಿಹೋಗುತ್ತದೆ.

ಇನ್ನು ಕೀ. ಮೇನ್‌ಸ್ಪ್ರಿಂಗ್ ಸುತ್ತಿಟ್ಟ ಡಬ್ಬಿ, ಅಂದರೆ ಬ್ಯಾರೆಲ್, ಯಂತ್ರದ ಪಕ್ಕದಲ್ಲಿಲ್ಲ, ಅಡಿಯಲ್ಲಿ ಉಂಟು, ಅದೂ ಹೆಚ್ಚುಕಡಿಮೆ ಕೇಸಿನಷ್ಟೇ ಅಗಲಕ್ಕೆ. ಅದರ ನಡು ಮತ್ತು ಮುಚ್ಚಳದ ನಡು ಒಂದೇ ಗೆರೆಯಲ್ಲಿರುವುದರಿಂದ ಮುಚ್ಚಳ ತಿರುಗಿಸಿ ಕೀ ಕೊಡುವುದೇ ಅತಿ ಹತ್ತಿರದ ದಾರಿ. ಅಷ್ಟು ಅಗಲದ ಬ್ಯಾರೆಲ್‌ನಲ್ಲಿ ಉದ್ದ ಸ್ಪ್ರಿಂಗ್ ಹಿಡಿಯುತ್ತದೆ, ಹಾಗಾಗಿಯೇ ಒಮ್ಮೆ ಪೂರ್ತಿ ಕೀ ಕೊಟ್ಟರೆ ಸುಮಾರು 7 ದಿನ. ಯಂತ್ರ ಸುತ್ತಬೇಕು ಅಂತ ನಿಶ್ಚಯಿಸಿದ ಮೇಲೆ ಉಳಿದ ಮೂರು ಇಲ್ಲಗಳೂ ತಾವಾಗಿಯೇ ಬಂದವು.


ಬಂದರು_1801

ಬೆಂಚ್‌ನವರು ಹೇಳಿದ "ಯಂತ್ರ ಸುತ್ತಬೇಕು" ಅನ್ನುವ ನಿರ್ಧಾರ ಎಲ್ಲಿಂದ ಬಂತು ಅಂತ ಸ್ವಲ್ಪ.

ವಾಚು ತಯಾರಕ ಅಬ್ರಹಾಂ ಲೂಯಿ ಬ್ರೆಗೆ ಟೂರ್ಬಿಯೋನ್‌ಗೆ ಪೇಟೆಂಟ್ ಪಡೆದದ್ದು 1801ರಲ್ಲಿ. ಜೇಬಿನಲ್ಲಿ ನೆಟ್ಟಗೆ ನಿಂತ ವಾಚಿಗೆ ಗುರುತ್ವ ಒಂದೇ ದಿಕ್ಕಿನಿಂದ ಎಳೆಯುತ್ತದೆ. ಬ್ಯಾಲೆನ್ಸಿನ ಭಾರ ಕೂದಲೆಳೆಯಷ್ಟು ಒಂದು ಬದಿಗೆ ಹೆಚ್ಚಿದ್ದರೂ ವಾಚು ಮುಂದೆ ಅಥವಾ ಹಿಂದೆ ಹೋಗುತ್ತದೆ. ಬ್ಯಾಲೆನ್ಸ್ ಮತ್ತು ಎಸ್ಕೇಪ್‌ಮೆಂಟನ್ನು ಒಂದು ಪಂಜರದಲ್ಲಿಟ್ಟು ತಿರುಗಿಸಿದರೆ, ಅದೇ ಟೂರ್ಬಿಯೋನ್, ಆ ತಪ್ಪು ಒಂದು ಸುತ್ತಿನೊಳಗೆ ತಾನೇ ಸರಿದೂಗುತ್ತದೆ. 1892ರಲ್ಲಿ ಬೋನಿಕ್ಸನ್ ಅನ್ನುವ ವಾಚು ತಯಾರಕರು ಇಂಗ್ಲೆಂಡಿನಲ್ಲಿ ಕ್ಯಾರೌಸೆಲ್ ಪೇಟೆಂಟ್ ಮಾಡಿದರು. ಕೆಲಸ ಅದೇ, ಆದರೆ ನಿಧಾನ: ಅವರ ವಾಚುಗಳಲ್ಲಿ ಒಂದು ಸುತ್ತಿಗೆ 52.5 ನಿಮಿಷ.

1997ರಲ್ಲಿ ಬ್ರೆಗೆ ಹೆಸರಿನ ಪ್ರತಿಷ್ಠಾನ ನಡೆಸಿದ ಸ್ಪರ್ಧೆಯಲ್ಲಿ ಕರೋಲ್ ಫೋರೆಸ್ತಿಯೇ ಅನ್ನುವ ಯುವ ವಿನ್ಯಾಸಕಿ ಬಹುಮಾನ ಪಡೆದರು. ಯಂತ್ರ ಕೇಸಿನ ನಡುವಿನಲ್ಲೇ ಸುತ್ತುವ ವಾಚು, ಅದು ಅವರ ಕಲ್ಪನೆ. ಆ ಕಲ್ಪನೆ ಯುಲಿಸ್ ನಾರ್ಡಿನ್‌ಗೆ ಬಂತು. ಸ್ವಿಟ್ಜರ್‌ಲೆಂಡಿನ ಲೆ ಲೋಕ್ಲ್‌ನಲ್ಲಿ 1846ರಲ್ಲಿ ಶುರುವಾದ ಆ ಕಂಪನಿಯನ್ನು 1983ರಲ್ಲಿ ಕೊಂಡು ಮೇಲೆತ್ತಿದವರು ರಾಲ್ಫ್ ಶ್ನೈಡರ್. ಅವರ ಜೊತೆಗಿದ್ದವರು ಲುಡ್ವಿಗ್ ಓಕ್ಸ್‌ಲಿನ್. 1985ರ ಆಸ್ಟ್ರೊಲೇಬಿಯಂ, 1988ರ ಪ್ಲಾನೆಟೇರಿಯಂ, 1992ರ ಟೆಲ್ಲುರಿಯಂ, ಕೈಗೆ ಕಟ್ಟುವ ಆ ಮೂರು ಖಗೋಳ ಗಡಿಯಾರಗಳನ್ನು ಮಾಡಿದ ವ್ಯಕ್ತಿ. ಫೋರೆಸ್ತಿಯೇ ಕೊಟ್ಟ ಬೀಜವನ್ನು ಓಕ್ಸ್‌ಲಿನ್ ಪೂರ್ತಿ ಬೇರೆ ಎಸ್ಕೇಪ್‌ಮೆಂಟ್ ಜೊತೆ ಹೊಸತಾಗಿ ಕಟ್ಟಿದರು. ಫ್ರೀಕ್ ಬಗ್ಗೆ ಬರೆಯುವಾಗ ಫೋರೆಸ್ತಿಯೇ ಹೆಸರನ್ನು ಬಿಟ್ಟುಬಿಡುವ ಅಭ್ಯಾಸ ಹಲವರಿಗೆ ಉಂಟು, ಅದು ಸರಿಯಲ್ಲ. ಓಕ್ಸ್‌ಲಿನ್ ಹೆಸರು ಬಿಡುವುದೂ ಅಷ್ಟೇ ತಪ್ಪು.


ಕದ್ರಿ_ಗುಡ್ಡೆ

60 ನಿಮಿಷಕ್ಕೆ ಒಂದು ಸುತ್ತು ಬಂದರೆ ಟೂರ್ಬಿಯೋನ್‌ನ ಲಾಭ ಸಿಕ್ತದಾ ಮಾರಾಯ್ರೆ? ಕೈ ಒಂದು ಗಂಟೆ ಒಂದೇ ಭಂಗಿಯಲ್ಲಿ ಇರುವುದಿಲ್ಲವಲ್ಲ.


ಬಂದರು_1801

ಕೈಯಲ್ಲಿ ಕಟ್ಟಿದಾಗ ಹೆಚ್ಚು ಲಾಭ ಇಲ್ಲ. ನಿಮಿಷಕ್ಕೊಂದು ಸುತ್ತಿನ ಟೂರ್ಬಿಯೋನ್‌ಗೂ ಕೈಮೇಲೆ ಸಿಕ್ಕುವ ಲಾಭ ಸಣ್ಣದೇ, ಯಾಕೆಂದರೆ ಕೈ ತಾನೇ ಭಂಗಿ ಬದಲಿಸುತ್ತ ಇರುತ್ತದೆ. ರಾತ್ರಿ ವಾಚನ್ನು ಪಕ್ಕಕ್ಕೆ ನಿಲ್ಲಿಸಿ 8 ಗಂಟೆ ಇಟ್ಟರೆ ಫ್ರೀಕ್ 8 ಸುತ್ತು ಬಂದಿರುತ್ತದೆ, ಅಷ್ಟರಲ್ಲಿ ಎಳೆತ ಸರಿದೂಗುತ್ತದೆ. ಚಪ್ಪಟೆಯಾಗಿ ಮಲಗಿಸಿಟ್ಟರೆ ಯಾವ ಟೂರ್ಬಿಯೋನ್‌ಗೂ ಕೆಲಸ ಇಲ್ಲ. ಫ್ರೀಕ್‌ನಲ್ಲಿ ಸುತ್ತುವುದರ ಮುಖ್ಯ ಉಪಯೋಗ ಸಮಯ ತೋರಿಸುವುದು. ನಿಖರತೆ ಬರುವುದು ಎಸ್ಕೇಪ್‌ಮೆಂಟಿನಿಂದ.


ಮಣಿಪಾಲ_ಸಿಲಿಕಾನ್

ಎಸ್ಕೇಪ್‌ಮೆಂಟ್ ಮಾತು ಬಂತಲ್ಲ, ಸ್ವಲ್ಪ ಉದ್ದ ಬರೆಯುತ್ತೇನೆ. ಈ ವಾಚಿನ ಅತಿ ದೊಡ್ಡ ಕೊಡುಗೆ ಇದೇ ಅಂತ ನನ್ನ ಅಭಿಪ್ರಾಯ.

ಉಡುಪಿ ಕೃಷ್ಣನ ಕೈಯ ಕಡಗೋಲು ನೆನಪಿಸಿಕೊಳ್ಳಿ. ಹಗ್ಗದ ಒಂದು ತುದಿ ಎಳೆದರೆ ಕಡಗೋಲು ಬಲಕ್ಕೆ ತಿರುಗುತ್ತದೆ, ಇನ್ನೊಂದು ತುದಿ ಎಳೆದರೆ ಎಡಕ್ಕೆ. ಬ್ಯಾಲೆನ್ಸ್ ಚಕ್ರವೂ ಹಾಗೆಯೇ ಅತ್ತಿತ್ತ ಹೊಯ್ದಾಡುತ್ತದೆ. ಹೇರ್‌ಸ್ಪ್ರಿಂಗ್ ಅದನ್ನು ವಾಪಸ್ ತರುತ್ತದೆ, ಆದರೆ ಪ್ರತಿ ಸಲ ಸ್ವಲ್ಪ ಶಕ್ತಿ ಸೋರಿಹೋಗುತ್ತದೆ. ಸೋರಿದ್ದನ್ನು ಎಸ್ಕೇಪ್ ಚಕ್ರ ಒಂದು ಸಣ್ಣ ತಳ್ಳಿನಿಂದ ತುಂಬಬೇಕು. ಆ ತಳ್ಳು ಕೊಡುವ ಕ್ರಮ ಮುಖ್ಯವಾಗಿ ಮೂರು.

ನಿಮ್ಮ ಮನೆಯ ಎಚ್‌ಎಂಟಿ ಜನತಾ ಬಿಚ್ಚಿದರೆ ಕಾಣುವುದು ಸ್ವಿಸ್ ಲಿವರ್. ಚಕ್ರದ ಹಲ್ಲು ಪ್ಯಾಲೆಟ್ಟಿನ, ಅಂದರೆ ಲಿವರಿನ ತುದಿಯ, ಕೆಂಪು ಕಲ್ಲಿನ ಮೇಲೆ ಜಾರುತ್ತ ಲಿವರನ್ನು ತಳ್ಳುತ್ತದೆ, ಲಿವರ್ ಬ್ಯಾಲೆನ್ಸನ್ನು ತಳ್ಳುತ್ತದೆ. ಎರಡೂ ದಿಕ್ಕಿಗೆ ತಳ್ಳು ಸಿಗುತ್ತದೆ, ಗಟ್ಟಿಮುಟ್ಟು, ಆದರೆ ಜಾರುವಲ್ಲಿ ಎಣ್ಣೆ ಬೇಕೇ ಬೇಕು. ಎಣ್ಣೆ ಹಳಸಿದ ಹಾಗೆ ತಳ್ಳಿನ ಬಲ ಬದಲಾಗುತ್ತದೆ. ಎರಡನೆಯದು ಹಡಗಿನ ಕ್ರೊನೊಮೀಟರುಗಳಲ್ಲಿದ್ದ ಡಿಟೆಂಟ್. ಅಲ್ಲಿ ಚಕ್ರ ನೇರವಾಗಿ ಬ್ಯಾಲೆನ್ಸನ್ನು ತಳ್ಳುತ್ತದೆ, ಎಣ್ಣೆ ಬೇಡ, ಆದರೆ ಒಂದೇ ದಿಕ್ಕಿಗೆ. ಹಗ್ಗದ ಒಂದೇ ತುದಿ ಎಳೆದು ಮಜ್ಜಿಗೆ ಕಡೆದ ಹಾಗೆ. ಪೆಟ್ಟು ತಾಗಿದರೆ ನಿಲ್ಲುವ ಅಪಾಯವೂ ಉಂಟು, ಹಾಗಾಗಿ ಕೈಗಡಿಯಾರಕ್ಕೆ ಒಗ್ಗಲಿಲ್ಲ.

ಮೂರನೆಯದು ಬ್ರೆಗೆಯ ನ್ಯಾಚುರಲ್ ಎಸ್ಕೇಪ್‌ಮೆಂಟ್. ಒಂದಕ್ಕೊಂದು ಕೂಡಿದ ಎರಡು ಎಸ್ಕೇಪ್ ಚಕ್ರ. ಒಂದು ಬಲಕ್ಕೆ ತಳ್ಳುತ್ತದೆ, ಇನ್ನೊಂದು ಎಡಕ್ಕೆ. ಹಗ್ಗದ ಎರಡು ತುದಿಗೂ ಒಂದೊಂದು ಕೈ ಸಿಕ್ಕಿದ ಹಾಗೆ. ಕಾಗದದ ಮೇಲೆ ಇದರಷ್ಟು ಒಳ್ಳೆಯದು ಇಲ್ಲ. ಲೋಹದಲ್ಲಿ ಮಾಡಿದಾಗ ಎರಡು ತೊಂದರೆ ಬಂದವು. ಒಂದು, ಪ್ರತಿ ಟಿಕ್ಕಿಗೂ ಎರಡೆರಡು ಚಕ್ರ ನಿಂತು ಹೊರಡಬೇಕು. ಗಂಟೆಗೆ 28,800 ಬಡಿತದ ವಾಚಾದರೆ ಸೆಕೆಂಡಿಗೆ 8 ಸಲ. ಭಾರದ ಚಕ್ರವನ್ನು ಅಷ್ಟು ಸಲ ಹೊರಡಿಸುವುದರಲ್ಲೇ ಶಕ್ತಿ ಮುಗಿಯುತ್ತದೆ. ಇನ್ನೊಂದು, ಎರಡು ಚಕ್ರಗಳ ಹಲ್ಲುಗಳ ನಡುವಿನ ಸಡಿಲು. ಕೈಯಲ್ಲಿ ಅರೆದು ಮಾಡಿದ ಹಲ್ಲುಗಳಲ್ಲಿ ಅದನ್ನು ಸಾಕಷ್ಟು ಕಡಿಮೆ ಮಾಡಲಿಕ್ಕೆ ಆಗಲಿಲ್ಲ.

ಓಕ್ಸ್‌ಲಿನ್ 2001ರಲ್ಲಿ ಈ ಹಳೇ ಕಲ್ಪನೆಯನ್ನೇ ಆಧಾರವಾಗಿಟ್ಟು ಡ್ಯುಯಲ್ ಡೈರೆಕ್ಟ್ ಎಸ್ಕೇಪ್‌ಮೆಂಟ್ ಮಾಡಿದರು, ಎರಡು ಚಕ್ರವನ್ನೂ ಸಿಲಿಕಾನಿನಲ್ಲಿ. ಕೈಗಡಿಯಾರದಲ್ಲಿ ಸಿಲಿಕಾನ್ ಭಾಗ ಬಂದದ್ದು ಅದೇ ಮೊದಲು. ಉಕ್ಕಿನ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 7.8 ಗ್ರಾಂ, ಸಿಲಿಕಾನಿನದ್ದು 2.33. ಅದೇ ಆಕಾರದ ಚಕ್ರ ಮೂರನೇ ಒಂದು ಭಾಗಕ್ಕಿಂತಲೂ ಹಗುರ. ಚಿಪ್ ಮಾಡುವ ಕ್ರಮದಲ್ಲೇ, ಬಿಲ್ಲೆಯ ಮೇಲೆ ಬೆಳಕಿನಿಂದ ಅಚ್ಚು ಮೂಡಿಸಿ ಪ್ಲಾಸ್ಮಾದಿಂದ ಕೊರೆಯುತ್ತಾರೆ. ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ಸ್ವಲ್ಪ ಕೊರೆಯುತ್ತದೆ, ಮತ್ತೊಂದು ಅನಿಲ ಗೋಡೆಗೆ ರಕ್ಷಣೆಯ ಪದರ ಹಾಕುತ್ತದೆ, ಪುನಃ ಕೊರೆತ. ಹೀಗೆ ಮಾಡಿದ ಗೋಡೆ ನೆಟ್ಟಗೆ ನಿಲ್ಲುತ್ತದೆ, ಹಲ್ಲಿನ ಅಳತೆ ಮೈಕ್ರಾನ್ ಲೆಕ್ಕದಲ್ಲಿ ಕೂರುತ್ತದೆ. ಅರೆಯುವ ಕೆಲಸವೇ ಇಲ್ಲ. ಹಗುರ, ಅಳತೆ, ಎಣ್ಣೆ ಬೇಡದ ಮೇಲ್ಮೈ, ಮೂರೂ ಒಂದೇ ವಸ್ತುವಿನಲ್ಲಿ ಸಿಕ್ಕಿತು. ಜೊತೆಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ.

ನಾಲ್ಕು ವರ್ಷ ಕಳೆದು 2005ರಲ್ಲಿ ಪಾಟೆಕ್ ಫಿಲಿಪ್ ಸಿಲಿಕಾನ್ ಎಸ್ಕೇಪ್ ಚಕ್ರ ತಂದಿತು, 2006ರಲ್ಲಿ ಸಿಲಿಕಾನ್ ಹೇರ್‌ಸ್ಪ್ರಿಂಗ್. 2008ರಲ್ಲಿ ಒಮೇಗಾ. ಈಗ ಟಿಸೋ ಜಂಟಲ್‌ಮ್ಯಾನ್ ಪವರ್‌ಮ್ಯಾಟಿಕ್ 80ರಲ್ಲೂ ಸಿಲಿಕಾನ್ ಹೇರ್‌ಸ್ಪ್ರಿಂಗ್ ಉಂಟು. ಕ್ರೌನ್ ಉಂಟೋ ಇಲ್ಲವೋ ಅನ್ನುವುದಕ್ಕಿಂತ ಇದು ದೊಡ್ಡ ವಿಷಯ.


ಕದ್ರಿ_ಗುಡ್ಡೆ

ಹಾಗಾದ್ರೆ ಸಿಲಿಕಾನ್ ಉಳ್ಳ ವಾಚಿಗೆ ಸರ್ವಿಸೇ ಬೇಡ ಅಂತ ಅಂಗಡಿಯಲ್ಲಿ ಹೇಳುವುದು ಸರಿಯಾ?


ಹಂಪನಕಟ್ಟೆ_ಬೆಂಚ್

ಸರಿಯಲ್ಲ. ಎಣ್ಣೆ ಬೇಡವಾದದ್ದು ಎಸ್ಕೇಪ್‌ಮೆಂಟಿನ ತಾಗುವ ಜಾಗಕ್ಕೆ ಮಾತ್ರ. ಸಾಮಾನ್ಯ ವಾಚಿನಲ್ಲಿ ಪ್ಯಾಲೆಟ್ ಕಲ್ಲಿಗೆ ಮೊಬಿಯಸ್ 9415 ಅನ್ನುವ ಗ್ರೀಸ್ ಹಾಕುತ್ತೇವೆ. ಸಿಲಿಕಾನ್ ಬಂದರೆ ಅದು ತಪ್ಪುತ್ತದೆ. ಆದರೆ ಬ್ಯಾಲೆನ್ಸಿನ ಪಿವಟ್ (ಅಚ್ಚಿನ ತುದಿ) ಜ್ಯುವೆಲ್ (ಕಲ್ಲಿನ ಆಧಾರ) ಒಳಗೆ ತಿರುಗುತ್ತಲೇ ಇರುತ್ತದೆ, ಅದಕ್ಕೆ 9010 ಎಣ್ಣೆ ಬೇಕು. ನಿಧಾನ ತಿರುಗುವ, ಒತ್ತಡ ಹೆಚ್ಚಿರುವ ಚಕ್ರಗಳಿಗೆ ಡಿ5 ಅಥವಾ ಎಚ್‌ಪಿ 1300ರಂಥ ದಪ್ಪ ಎಣ್ಣೆ ಬೇಕು. ಇವೆಲ್ಲ ಐದಾರು ವರ್ಷದಲ್ಲಿ ಒಣಗುತ್ತವೆ ಅಥವಾ ಹರಡಿಕೊಳ್ಳುತ್ತವೆ.

ಫ್ರೀಕ್ ಬಗೆಯ ವಾಚಿನಲ್ಲಿ ಇನ್ನೊಂದು ಉಂಟು. ಇಲ್ಲಿ ಮೇನ್‌ಸ್ಪ್ರಿಂಗ್ ಒಂದು ಮುಳ್ಳನ್ನಲ್ಲ, ಇಡೀ ಸೇತುವೆಯನ್ನು ಹೊತ್ತು ತಿರುಗಿಸಬೇಕು. ನಡುವಿನ ಆಧಾರದಲ್ಲಿ ಎಣ್ಣೆ ಒಣಗಿದರೆ ಮೊದಲು ಕುಗ್ಗುವುದು ಬ್ಯಾಲೆನ್ಸಿನ ಹೊಯ್ದಾಟ. ಅದು ಕಡಿಮೆಯಾದಾಗ ಎಸ್ಕೇಪ್‌ಮೆಂಟಿನಲ್ಲಿ ದೋಷ ಉಂಟು ಅಂತ ತಪ್ಪು ತಿಳಿಯುತ್ತಾರೆ.

ಸಿಲಿಕಾನ್ ಭಾಗ ಮುಟ್ಟುವವರು ನೆನಪಿಡಬೇಕಾದ್ದು ಇಷ್ಟು. ಅದು ಗಡಸು, ಆದರೆ ಗಾಜಿನ ಹಾಗೆ ಒಡೆಯುತ್ತದೆ. ಉಕ್ಕಿನ ಹೇರ್‌ಸ್ಪ್ರಿಂಗ್ ಸೊಟ್ಟಾದರೆ ಚಿಮಟದಿಂದ ಸರಿ ಮಾಡಬಹುದು. ಸಿಲಿಕಾನ್ ಬಾಗಿ ಹಾಗೇ ನಿಲ್ಲುವ ಜಾತಿಯದ್ದಲ್ಲ. ವಾಪಸ್ ಮೊದಲಿನ ಆಕಾರಕ್ಕೆ ಬರುತ್ತದೆ, ಇಲ್ಲವೇ ತುಂಡಾಗುತ್ತದೆ. ತೆಳು ತುದಿಯ ಉಕ್ಕಿನ ಚಿಮಟದಲ್ಲಿ ಹಲ್ಲಿನ ಬಳಿ ಒತ್ತಬಾರದು. ಚಕ್ರವನ್ನು ಅದರ ಅಚ್ಚಿನಲ್ಲಿ ಹಿಡಿಯಬೇಕು, ಹಿತ್ತಾಳೆ ಅಥವಾ ಪ್ಲಾಸ್ಟಿಕ್ ತುದಿಯ ಚಿಮಟ ಒಳ್ಳೆಯದು. ಅಲ್ಟ್ರಾಸಾನಿಕ್ ಬುಟ್ಟಿಯಲ್ಲಿ ಬೇರೆ ಭಾಗಗಳ ಜೊತೆ ಹಾಕಿದರೆ ಒಂದಕ್ಕೊಂದು ತಾಗಿ ಅಂಚು ಚಕ್ಕೆಯೇಳುತ್ತದೆ. ಚಕ್ಕೆ ಎದ್ದ ಹಲ್ಲನ್ನು ಸರಿ ಮಾಡುವ ಕ್ರಮವೇ ಇಲ್ಲ, ಚಕ್ರ ಬದಲಿಸಬೇಕು. ಆ ಚಕ್ರ ಹಂಪನಕಟ್ಟೆಯಲ್ಲೂ ಸಿಕ್ಕುವುದಿಲ್ಲ, ಮುಂಬಯಿಯಲ್ಲೂ ಸಿಕ್ಕುವುದಿಲ್ಲ, ಕಂಪನಿಯಿಂದಲೇ ಬರಬೇಕು. ಹಾಗಾಗಿ ಊರಿನ ಅಂಗಡಿಯಲ್ಲಿ ಇಂಥ ವಾಚು ಬಿಚ್ಚಿಸಬೇಡಿ. ಕೈಚಳಕ ಇರುವ ಕೆಲಸಗಾರರು ನಮ್ಮಲ್ಲಿ ಇದ್ದಾರೆ, ಆದರೆ ಬಿಡಿಭಾಗ ಸಿಗದೆ ಕೈಚಳಕ ಇದ್ದೂ ಪ್ರಯೋಜನ ಇಲ್ಲ.


ಮಣಿಪಾಲ_ಸಿಲಿಕಾನ್

ಒಂದು ಸೇರಿಸುತ್ತೇನೆ. ಸಿಲಿಕಾನ್ ಹೇರ್‌ಸ್ಪ್ರಿಂಗ್ ಅಂದರೆ ಬರೀ ಸಿಲಿಕಾನ್ ಅಲ್ಲ. ಬಿಸಿಯಾದಾಗ ಸಿಲಿಕಾನ್ ಸ್ವಲ್ಪ ಮೆತ್ತಗಾಗುತ್ತದೆ, ವಾಚು ಹಿಂದೆ ಬೀಳುತ್ತದೆ. ಅದರ ಆಕ್ಸೈಡ್ ಬಿಸಿಯಾದಾಗ ಗಟ್ಟಿಯಾಗುತ್ತದೆ. ಸರಿಯಾದ ದಪ್ಪದ ಆಕ್ಸೈಡ್ ಪದರ ಬೆಳೆಸಿದರೆ ಎರಡೂ ಸಮವಾಗುತ್ತವೆ. ಹಳೇ ಕಾಲದ ಸಾದಾ ಉಕ್ಕಿನ ಹೇರ್‌ಸ್ಪ್ರಿಂಗಿನಲ್ಲಿ ಪ್ರತಿ ಡಿಗ್ರಿಗೆ ದಿನಕ್ಕೆ ಸುಮಾರು 11 ಸೆಕೆಂಡ್ ವ್ಯತ್ಯಾಸ ಬರುತ್ತಿತ್ತು. ನಮ್ಮ ಎಪ್ರಿಲ್ ತಿಂಗಳ 33 ಡಿಗ್ರಿಯಿಂದ 23 ಡಿಗ್ರಿಯ ಎಸಿ ಕೋಣೆಗೆ ಹೋದರೆ ದಿನಕ್ಕೆ ಸುಮಾರು 110 ಸೆಕೆಂಡ್. ಗಿಯೋಮ್ ಅನ್ನುವ ವಿಜ್ಞಾನಿ ಎಲಿನ್ವಾರ್ ಮಿಶ್ರಲೋಹದಿಂದ ಈ ತೊಂದರೆ ಬಹಳ ಮಟ್ಟಿಗೆ ಕಳೆದರು. ನಿಕ್ಕಲ್-ಉಕ್ಕಿನ ಮಿಶ್ರಲೋಹಗಳ ಕೆಲಸಕ್ಕಾಗಿ ಅವರಿಗೆ 1920ರ ನೊಬೆಲ್ ಬಂತು.


ರಥಬೀದಿ_ಉಡುಪಿ

ಇಷ್ಟು ಚಂದ ಇದ್ದ ಡ್ಯುಯಲ್ ಡೈರೆಕ್ಟನ್ನು ಯಾಕೆ ಬಿಟ್ಟರು ಮತ್ತೆ? ಕ್ರೌನ್ ಬರುವುದಕ್ಕಿಂತ ಮುಂಚಿನ ಬದಲಾವಣೆಗಳನ್ನು ಯಾರಾದರೂ ಸಾಲಾಗಿ ಹೇಳಿ.


ಬಂದರು_1801

ಡ್ಯುಯಲ್ ಡೈರೆಕ್ಟ್ ಕೆಲಸ ಮಾಡುತ್ತದೆ ಅಂತ ತೋರಿಸಿತು. ಆದರೆ ಬ್ಯಾಲೆನ್ಸನ್ನು ನೇರ ತಳ್ಳುವ ಯಾವ ಎಸ್ಕೇಪ್‌ಮೆಂಟಿಗೂ ಪೆಟ್ಟಿನ ಭಯ ಉಂಟು, ಎರಡು ಚಕ್ರದ ನಡುವಿನ ಸಡಿಲೂ ಪೂರ್ತಿ ಹೋಗುವಂಥದ್ದಲ್ಲ. 2005ರಲ್ಲಿ ಡ್ಯುಯಲ್ ಯುಲಿಸ್ ಬಂತು. ಎರಡು ಚಕ್ರ ಹಾಗೇ ಇದ್ದವು, ನಡುವೆ ಒಂದು ತುಂಡು ಸೇರಿತು. ಬೀಗ ಹಾಕುವ ಕೆಲಸವೂ ತಳ್ಳುವ ಕೆಲಸವೂ ಅದರದ್ದೇ. 2007ರ ಡಯಾಮನ್‌ಸಿಲ್ ಅಂದರೆ ಸಿಲಿಕಾನಿನ ಮೇಲೆ ಕೃತಕ ವಜ್ರದ ಪದರ. ಸಿಲಿಕಾನ್ ಹಗುರತನ ಕೊಟ್ಟಿತು, ವಜ್ರ ಸವೆತ ತಡೆಯಿತು.

2010ರ ಡಿಯಾವೊಲೊದಲ್ಲಿ ತಿರುಗುವ ಸೇತುವೆಯ ಮೇಲೆಯೇ ಒಂದು ಟೂರ್ಬಿಯೋನ್ ಕೂತಿತು, ಫ್ರೀಕ್‌ನಲ್ಲಿ ಸೆಕೆಂಡ್ ಓದಲಿಕ್ಕೆ ಸಿಕ್ಕಿತು. 2013ರ ಕ್ರೂಸರ್ ಬದಲಾದದ್ದು ಹೆಚ್ಚಾಗಿ ರೂಪದಲ್ಲಿ, ಸೇತುವೆಗೆ ಲಂಗರಿನ ಆಕಾರ. 2015ರ ಫ್ರೀಕ್‌ಲ್ಯಾಬ್‌ನಲ್ಲಿ ತಾರೀಕು ಬಂತು. ಇವೆಲ್ಲದರಲ್ಲೂ ಅಡಿಯ ದೊಡ್ಡ ಬ್ಯಾರೆಲ್ ಮತ್ತು ಕೈಯಲ್ಲಿ ಕೊಡುವ ಕೀ ಹಾಗೇ ಉಳಿದಿತ್ತು.

2018ರ ಫ್ರೀಕ್ ವಿಷನ್‌ನಲ್ಲಿ ಮೊದಲ ಸಲ ಆಟೊಮ್ಯಾಟಿಕ್, ಅಂದರೆ ಕೈಯ ಅಲುಗಾಟದಿಂದಲೇ ಕೀ ಆಗುವ ಕ್ರಮ. ಅದಕ್ಕೆ ಅವರು ಇಟ್ಟ ಹೆಸರು ಗ್ರೈಂಡರ್. ಸಾಮಾನ್ಯ ರೋಟರ್ (ಕೀ ಕೊಡಲಿಕ್ಕೆ ಒಳಗೆ ತಿರುಗುವ ಭಾರದ ತಟ್ಟೆ) ಕೈ ಅಲ್ಲಾಡಿದ ತಕ್ಷಣ ಕೀ ಕೊಡುವುದಿಲ್ಲ, ಒಳಗಿನ ಕೊಕ್ಕೆ ಮುಂದಿನ ಹಲ್ಲು ಹಿಡಿಯುವವರೆಗೆ ಕೆಲವು ಡಿಗ್ರಿ ಸುಮ್ಮನೆ ತಿರುಗುತ್ತದೆ. ಇಡೀ ದಿನ ಮೇಜಿನ ಮುಂದೆ ಕೂತು ಕೆಲಸ ಮಾಡುವವರ ಕೈಯಲ್ಲಿ ಆ ಕೆಲವು ಡಿಗ್ರಿಯೇ ನಷ್ಟ. ಗ್ರೈಂಡರ್‌ನಲ್ಲಿ ಬಳುಕುವ ನಾಲ್ಕು ತೋಳು. ಯಾವುದಾದರೂ ಒಂದು ತೋಳಿಗೆ ಬೇಗ ಹಲ್ಲು ಸಿಕ್ಕುತ್ತದೆ, ಸಣ್ಣ ಅಲುಗಾಟವೂ ವ್ಯರ್ಥ ಹೋಗುವುದಿಲ್ಲ.


ಕದ್ರಿ_ಗುಡ್ಡೆ

ಈಗ ಫ್ರೀಕ್ ಎಕ್ಸ್ ಪರವಾಗಿ. 43 ಮಿ.ಮೀ. ಕೇಸು, ಯುಎನ್-230 ಯಂತ್ರ, ಒಮ್ಮೆ ಕೀ ತುಂಬಿದರೆ 72 ಗಂಟೆ ಓಟ, 50 ಮೀಟರ್ ನೀರಿನ ರಕ್ಷಣೆ. ಅದರಲ್ಲಿ ಯಂತ್ರವನ್ನು ಎರಡು ಅಂತಸ್ತು ಮಾಡಿದ್ದಾರೆ. ಬ್ಯಾರೆಲ್, ರೋಟರ್, ಕ್ರೌನಿನ ಹಲ್ಲುಚಕ್ರ ಕೆಳಗೆ, ಸ್ಥಿರವಾಗಿ. ಬ್ಯಾಲೆನ್ಸ್ ಮತ್ತು ಎಸ್ಕೇಪ್‌ಮೆಂಟ್ ಮೇಲೆ, ನಿಮಿಷದ ಸೇತುವೆಯ ಜೊತೆ ತಿರುಗುತ್ತ. ಬೆಂಚ್‌ನವರು ಮೊದಲಿಗೆ ಹೇಳಿದ "ಕಡ್ಡಿಗೆ ಹಿಡಿಯಲಿಕ್ಕೆ ಸ್ಥಿರ ಜಾಗ ಇಲ್ಲ" ಅನ್ನುವ ತೊಂದರೆ ಅಲ್ಲಿಗೆ ಮುಗಿಯಿತು. ಬ್ಯಾಲೆನ್ಸ್ ಈಗಲೂ ಸುತ್ತುತ್ತದೆ, ಗಂಟೆಗೊಮ್ಮೆ, ಕೇಂದ್ರದ ಸುತ್ತ. ಮುಳ್ಳಿಲ್ಲ, ಡಯಲ್ ಅನ್ನುವಂಥದ್ದೂ ಇಲ್ಲ. ಫ್ರೀಕ್ ಅಲ್ಲ ಅಂತ ಹೇಗೆ ಹೇಳ್ತೀರಿ?


ಮಣಿಪಾಲ_ಸಿಲಿಕಾನ್

ಮೊದಲ ಫ್ರೀಕ್‌ನಲ್ಲಿ ಹಲ್ಲುಚಕ್ರದ ಸಾಲೂ ಸೇತುವೆಯ ಮೇಲೆ ಇತ್ತು. ಎಕ್ಸ್‌ನಲ್ಲಿ ಹೆಚ್ಚಿನ ಯಂತ್ರ ಕೆಳಗೆ ಕೂತಿದೆ, ಮೇಲೆ ಸುತ್ತುವುದು ಕೊನೆಯ ಭಾಗ ಮಾತ್ರ. ಎತ್ತು, ತೊಲೆ, ಒನಕೆ ಎಲ್ಲ ಸುತ್ತುವ ಗಾಣಕ್ಕೂ ಮೋಟಾರು ಕೆಳಗಿಟ್ಟು ಒನಕೆ ಮಾತ್ರ ತಿರುಗಿಸುವ ಗಾಣಕ್ಕೂ ಇರುವ ವ್ಯತ್ಯಾಸ ಅದು. ಎರಡರಲ್ಲೂ ಎಣ್ಣೆ ಬರುತ್ತದೆ, ಒಪ್ಪುತ್ತೇನೆ. ಆದರೆ ಎರಡೂ ಒಂದೇ ಅಂತ ಹೇಳಲಿಕ್ಕೆ ಆಗುವುದಿಲ್ಲ.


ಹಂಪನಕಟ್ಟೆ_ಬೆಂಚ್

ಇಬ್ಬರೂ ಕ್ರೌನ್ ನೋಡುತ್ತಿದ್ದೀರಿ. ಓಟದ ಲೆಕ್ಕ ನೋಡಿ. 2001: ಸುಮಾರು 7 ದಿನ. 2018ರ ವಿಷನ್: 50 ಗಂಟೆ. 2019ರ ಎಕ್ಸ್: 72 ಗಂಟೆ. 2023ರ ಫ್ರೀಕ್ ಒನ್: 90 ಗಂಟೆ.

ದೊಡ್ಡ ಇಳಿತ ಆದದ್ದು ವಿಷನ್‌ನಲ್ಲಿ, ಅದಕ್ಕೆ ಕ್ರೌನ್ ಇರಲಿಲ್ಲ. ಹಿಂಬದಿಯ ಜಾಗ ರೋಟರ್‌ಗೆ ಹೋಯಿತು, ಕೇಸಿನಷ್ಟು ಅಗಲದ ಬ್ಯಾರೆಲ್‌ಗೆ ಜಾಗ ಉಳಿಯಲಿಲ್ಲ. ಮುಚ್ಚಳ ತಿರುಗಿಸಿ ವಾರಕ್ಕೆ ಕೀ ಕೊಡುವ ವಾಚು ಅಲ್ಲಿಗೆ ಬೇರೆ ವಾಚಾಯಿತು. ಆಟೊಮ್ಯಾಟಿಕ್ ಬಂದ ಮೇಲೆ ದಿನಾ ಕೈಯಲ್ಲಿರುವ ವಾಚಿಗೆ ಮುಚ್ಚಳದ ಕೀ ಬೇಕೆನಿಸುವುದೂ ಅಪರೂಪ. ಫ್ರೀಕ್ ದಾರಿ ಬದಲಿಸಿದ್ದು ಎಲ್ಲಿ ಅಂತ ಕೇಳಿದರೆ 2018ರ ರೋಟರ್ ಅಂತ ಹೇಳುತ್ತೇನೆ. 2019ರ ಕ್ರೌನ್ ಅದರ ಹಿಂದೆಯೇ ಬಂದದ್ದು.


ಬಂದರು_1801

ಈ ಲೆಕ್ಕ ಒಪ್ಪಬೇಕಾದ್ದು. ಒಂದು ಮಾತು ಮಾತ್ರ ಸೇರಿಸಬೇಕು: ವಿಷನ್‌ನ ಬ್ಯಾಲೆನ್ಸ್ ದೊಡ್ಡದು, ಅದೂ ಸ್ವಲ್ಪ ಶಕ್ತಿ ತಿನ್ನುತ್ತದೆ. ಇಳಿತದ ಪೂರ್ತಿ ಹೊಣೆ ರೋಟರ್ ಮೇಲೆ ಹಾಕಲಿಕ್ಕಾಗದು.

2022ರ ಫ್ರೀಕ್ ಎಸ್ ಇದೇ ದಾರಿಯ ಮುಂದಿನ ಹೆಜ್ಜೆ. 20 ಡಿಗ್ರಿ ಓರೆಯಾಗಿ ಕೂತ ಎರಡು ಬ್ಯಾಲೆನ್ಸ್, ನಡುವೆ ಡಿಫರೆನ್ಷಿಯಲ್. ಕಾರಿನ ಡಿಫರೆನ್ಷಿಯಲ್ ಎರಡು ಚಕ್ರಕ್ಕೆ ವೇಗ ಹಂಚುವ ಹಾಗೆ, ಇಲ್ಲಿ ತಿರುಗಾಮುರುಗಾ, ಎರಡು ಬ್ಯಾಲೆನ್ಸಿನ ಗತಿಯ ಸರಾಸರಿ ತೆಗೆದು ಸೇತುವೆಗೆ ಕೊಡುತ್ತದೆ. ಒಂದು ದಿನಕ್ಕೆ 4 ಸೆಕೆಂಡ್ ಮುಂದೆ, ಇನ್ನೊಂದು 2 ಸೆಕೆಂಡ್ ಹಿಂದೆ ಹೋದರೆ ವಾಚು ತೋರಿಸುವುದು 1 ಸೆಕೆಂಡ್ ಮುಂದೆ. ರೋಟರ್ ಇಲ್ಲದಿದ್ದರೆ ಎರಡು ಬ್ಯಾಲೆನ್ಸ್ ಸಾಕುವುದು ದಿನನಿತ್ಯದ ಬಳಕೆಗೆ ಕಷ್ಟವೇ. 2023ರ ಫ್ರೀಕ್ ಒನ್ ಪುನಃ ಕ್ರೌನ್ ಇಲ್ಲದೆ ಬಂತು, ರೋಟರ್ ಉಳಿಸಿಕೊಂಡೇ. ಅದೇ ವರ್ಷ ಜಿನೀವಾದ ಗ್ರಾಂ ಪ್ರಿ ಸ್ಪರ್ಧೆಯಲ್ಲಿ ಐಕಾನಿಕ್ ವಾಚ್ ಪ್ರಶಸ್ತಿ ಪಡೆಯಿತು. ಕ್ರೌನನ್ನು ಬೇಕಾದಾಗ ಹಾಕಿ ಬೇಡವಾದಾಗ ತೆಗೆದರು, ರೋಟರನ್ನು ಬಿಟ್ಟುಕೊಡಲಿಲ್ಲ.


ಪಣಂಬೂರು_ಗಾಳಿ

ಚರ್ಚೆ ಓದಿದೆ, ಬಹಳ ಉಪಕಾರ. ಕರಾವಳಿಯವರಿಗೆ ಬೇಕಾದ ಪ್ರಶ್ನೆ ಒಂದು: ಬೆಜೆಲೂ ತಿರುಗ್ತದೆ, ಮುಚ್ಚಳವೂ ತಿರುಗ್ತದೆ. ಉಪ್ಪುಗಾಳಿ, ಬೆವರು, ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಇಂಥ ವಾಚು ಇಲ್ಲಿ ಬಾಳಿಕೆ ಬರ್ತದಾ?


ಹಂಪನಕಟ್ಟೆ_ಬೆಂಚ್

ಬರುತ್ತದೆ, ಆದರೆ ಸಾಮಾನ್ಯ ವಾಚಿಗಿಂತ ಹೆಚ್ಚು ಗಮನ ಬೇಕು. ಸಾಮಾನ್ಯ ವಾಚಿನ ಮುಚ್ಚಳದ ರಬ್ಬರ್ ವಾಷರ್ ಒಮ್ಮೆ ಒತ್ತಿ ಕೂತರೆ ಕದಲುವುದಿಲ್ಲ. ಇಲ್ಲಿ ಕೀ ಕೊಟ್ಟಾಗಲೆಲ್ಲ ಮುಚ್ಚಳದ ಬದಿ ಉಜ್ಜುತ್ತದೆ, ಟೈಮ್ ಬದಲಿಸಿದಾಗಲೆಲ್ಲ ಬೆಜೆಲಿನ ಬದಿ. ಬೆವರು ಒಣಗಿ ಉಳಿದ ಉಪ್ಪಿನ ಹರಳು ಆ ಸಂದಿಯಲ್ಲಿದ್ದರೆ ಮರಳುಕಾಗದದ ಕೆಲಸ ಮಾಡುತ್ತದೆ.

ಕೀ ಕೊಡುವ ಮೊದಲು ನಲ್ಲಿ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಲ್ಲಿ ಅಂಚು ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ. ನಲ್ಲಿಯ ಕೆಳಗೆ ನೇರ ಹಿಡಿಯಬೇಡಿ, ಫ್ರೀಕ್ ಒನ್‌ಗೆ ಇರುವುದು 30 ಮೀಟರ್ ರಕ್ಷಣೆ. ಆ 30 ಅಂದರೆ ನಿಂತ ನೀರಿನ ಒತ್ತಡದ ಪರೀಕ್ಷೆ. ಮಲ್ಪೆಯಲ್ಲಿ ಈಜಲಿಕ್ಕೆ ಎಕ್ಸ್‌ನ 50 ಮೀಟರೂ ಸಾಲದು. ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮೊದಲು, ಒತ್ತಡದ ಪರೀಕ್ಷೆ ಮಾಡಿಸಿ.

ಒಳಗೆ ತೇವ ಹೋಗಿದೆಯಾ ಅಂತ ಬಿಚ್ಚದೆ ನೋಡುವ ಕ್ರಮ ಉಂಟು. ವಾಚನ್ನು 40ರಿಂದ 45 ಡಿಗ್ರಿಗೆ ನಿಧಾನ ಬಿಸಿ ಮಾಡಿ, ಗಾಜಿನ ಮೇಲೆ 18ರಿಂದ 25 ಡಿಗ್ರಿಯ ನೀರಿನ ಒಂದು ಹನಿ ಇಡಬೇಕು, ಒಂದು ನಿಮಿಷ ಕಳೆದು ಒರೆಸಬೇಕು. ಗಾಜಿನ ಒಳಮೈಯಲ್ಲಿ ಮಂಜು ಕಂಡರೆ ತೇವ ಉಂಟು. ಬಿಸಿ ಮಾಡುವ ತಟ್ಟೆ ಇರುವ ಅಂಗಡಿಯಲ್ಲೇ ಇದನ್ನು ಮಾಡಿಸಿ, ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ಬೇಡ. ಮಳೆಗಾಲದಲ್ಲಿ 27 ಡಿಗ್ರಿ, 90 ಶೇಕಡಾ ತೇವ ಇದ್ದರೆ ಗಾಳಿಯ ಮಂಜುಬಿಂದು ಸುಮಾರು 25 ಡಿಗ್ರಿ. ಎಸಿ ಕಾರಿನಿಂದ ಇಳಿದ ಕೂಡಲೇ ತಣ್ಣಗಿನ ಗಾಜಿನ ಹೊರಮೈ ಮಂಜಾಗುವುದು ಸಹಜ, ಅದಕ್ಕೆ ಹೆದರಬೇಡಿ. ಒರೆಸಿದರೂ ಹೋಗದ ಮಂಜು ಒಳಗಿನದ್ದು.

ಬಿಚ್ಚಿಟ್ಟಾಗ 5 ಲೀಟರ್ ಗಾಳಿಯಾಡದ ಡಬ್ಬಿಯಲ್ಲಿ 25 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹಾಕಿ ಇಡಿ. ತೇವ ಹೀರಿ ಹಸಿರಾದಾಗ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಬಿಸಿ ಮಾಡಿದರೆ ಪುನಃ ಬಳಸಬಹುದು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮನೆಯಲ್ಲಿ ಬೇಡ. ಚರ್ಮದ ಪಟ್ಟಿ ಇದ್ದರೆ ಬೇರೆ ತೆಗೆದಿಡಿ, ಬೂಸ್ಟು ಮೊದಲು ಹಿಡಿಯುವುದು ಅದಕ್ಕೇ.


ರಥಬೀದಿ_ಉಡುಪಿ

ಕೊನೆಯ ಪ್ರಶ್ನೆ. ಹೆಚ್ಚಿನ ಫ್ರೀಕ್‌ಗಳಲ್ಲಿ ಸೆಕೆಂಡ್ ಇಲ್ಲ. ದಿನಕ್ಕೆ ಎಷ್ಟು ಮುಂದೆ ಹಿಂದೆ ಹೋಗ್ತದೆ ಅಂತ ಮನೆಯಲ್ಲಿ ತಿಳಿಯುವುದು ಹೇಗೆ?


ಮಣಿಪಾಲ_ಸಿಲಿಕಾನ್

ಟಿಕ್ ಸದ್ದು ಕೇಳಿ ಗತಿ ಅಳೆಯುವ ಟೈಮ್‌ಗ್ರಾಫರ್‌ಗೆ ಇಟ್ಟರೆ ಗತಿ ಸಿಕ್ಕುತ್ತದೆ, ಆದರೆ ಹೊಯ್ದಾಟದ ಡಿಗ್ರಿ ನಂಬಬೇಡಿ. ಆ ಯಂತ್ರ ಲಿಫ್ಟ್ ಕೋನದಿಂದ (ಒಂದು ತಳ್ಳಿನ ಹೊತ್ತಿಗೆ ಬ್ಯಾಲೆನ್ಸ್ ತಿರುಗುವ ಕೋನ) ಲೆಕ್ಕ ಹಾಕುವುದು, ಸಾಮಾನ್ಯವಾಗಿ 52 ಡಿಗ್ರಿಗೆ ಇಟ್ಟಿರುತ್ತಾರೆ. ಎರಡು ಚಕ್ರದ ಎಸ್ಕೇಪ್‌ಮೆಂಟಿಗೆ ಅದು ಹೊಂದುವುದಿಲ್ಲ.

ಮನೆಯಲ್ಲಿ ಹೀಗೆ ಮಾಡಿ. ಪೂರ್ತಿ ಕೀ ಕೊಡಿ. 6 ಗಂಟೆಯ ಬಳಿಯ ಲಾಕ್ ಎತ್ತಿ, ಬೆಜೆಲ್ ತಿರುಗಿಸಿ ಸೇತುವೆಯ ತುದಿಯನ್ನು ಬೇಕಾದ ಗುರುತಿಗಿಂತ ಐದಾರು ನಿಮಿಷ ಹಿಂದೆ ತನ್ನಿ, ಮತ್ತೆ ಮುಂದೆ ತಂದು ಗುರುತಿಗೆ ಕೂರಿಸಿ. ಹಿಂದೆಗೆದು ನಿಲ್ಲಿಸಿದರೆ ಹಲ್ಲುಗಳ ಸಡಿಲು ಉಳಿದು ಮೊದಲ ಕೆಲವು ನಿಮಿಷ ತುದಿ ಕದಲದೇ ಇರಬಹುದು. ಲಾಕ್ ಒತ್ತಿ. ಮೊಬೈಲಿನ ಟೈಮ್ ಸರಿಯಾಗಿ ಗಂಟೆಗೆ ಬಂದಾಗ ಗಾಜಿನ ನೇರ ಮೇಲಿನಿಂದ ಫೋಟೊ ತೆಗೆಯಿರಿ, ಓರೆಯಿಂದ ತೆಗೆದರೆ ಅರ್ಧ ನಿಮಿಷ ತಪ್ಪು ಕಾಣುತ್ತದೆ. ಎರಡು ದಿನಕ್ಕೊಮ್ಮೆ ಕೀ ತುಂಬಿಸುತ್ತಿರಿ, ಸ್ಪ್ರಿಂಗ್ ಸಡಿಲವಾದ ಕೊನೆಯ ದಿನಗಳ ಗತಿ ಬೇರೆ ಇರುತ್ತದೆ. 5 ದಿನ ಕಳೆದು ಅದೇ ಗಂಟೆಗೆ ಇನ್ನೊಂದು ಫೋಟೊ.

ತುದಿ ಕೇಂದ್ರದಿಂದ 16 ಮಿ.ಮೀ. ದೂರ ಇದ್ದರೆ ಒಂದು ನಿಮಿಷಕ್ಕೆ ಅದು ಸುಮಾರು 1.7 ಮಿ.ಮೀ. ಸರಿಯುತ್ತದೆ. ಫೋಟೊ ಹಿಗ್ಗಿಸಿ ನೋಡಿದರೆ ಕಾಲು ನಿಮಿಷ, ಅಂದರೆ 0.4 ಮಿ.ಮೀ., ಗುರುತಿಸಬಹುದು. 15 ಸೆಕೆಂಡನ್ನು 5 ದಿನಕ್ಕೆ ಭಾಗಿಸಿದರೆ ದಿನಕ್ಕೆ 3 ಸೆಕೆಂಡ್. ಇಷ್ಟು ಸೂಕ್ಷ್ಮ ಮನೆಯಲ್ಲೇ ಸಿಕ್ಕುತ್ತದೆ. ಇನ್ನೂ ಬೇಕಾದರೆ 10 ದಿನ ಮಾಡಿ.


ಪಣಂಬೂರು_ಗಾಳಿ

ನಡುವೆ ಲಾಕ್ ಸರಿಯಾಗಿ ಕೂರದೆ ಬೆಜೆಲ್ ಸ್ವಲ್ಪ ಕದಲಿದರೆ?


ಹಂಪನಕಟ್ಟೆ_ಬೆಂಚ್

ಆ ಲೆಕ್ಕ ಬಿಟ್ಟುಬಿಡಿ, ಮೊದಲ ಫೋಟೊದಿಂದ ಪುನಃ ಶುರು ಮಾಡಿ. ಲಾಕ್ ಒತ್ತಿದ ಮೇಲೆ ಬೆಜೆಲನ್ನು ಎರಡೂ ದಿಕ್ಕಿಗೆ ಮೆಲ್ಲ ತಳ್ಳಿ ನೋಡಿ, ಸ್ವಲ್ಪವೂ ಕದಲಬಾರದು. ಒತ್ತಿದರೂ ಕದಲುತ್ತದೆ ಅಂತಾದರೆ ಲಾಕಿನ ಸಂದಿಯಲ್ಲಿ ಕೊಳೆ ಕೂತಿರಬಹುದು ಅಥವಾ ಅದರ ಹಿಡಿತ ಸವೆದಿರಬಹುದು. ಒಣ ಮೆತ್ತನೆ ಬ್ರಷ್ಷಿನಲ್ಲಿ ಒಮ್ಮೆ ಕೊಳೆ ತೆಗೆದು ನೋಡಿ, ಆಮೇಲೂ ಹಾಗೇ ಇದ್ದರೆ ಸರ್ವಿಸ್‌ಗೆ ಕಳುಹಿಸಿ. ಅಲ್ಲಿಯವರೆಗೆ ಬೆಜೆಲ್ ತಿರುಗಿಸುವುದು ಬೇಡ.